ಪ್ರತಿಕ್ರಿಯೆ: ಸಮೀಕ್ಷೆ ಮುಗಿದ ಮೇಲೆ ಅನುಮತಿ ಪಡೆಯಬಹುದೇ?

ಹತ್ತನೇ ತರಗತಿಯ ನಿಮ್ಮ ಮಗಳು ಸಹಪಾಠಿಗಳ ನಿದ್ರೆಯ ಕುರಿತು ಸಮೀಕ್ಷೆಯನ್ನು ಮುಗಿಸಿದ್ದು, ಅದನ್ನು ಶಾಲಾ ವಿದ್ಯಾರ್ಥಿಗಳ ಅಂತರರಾಷ್ಟ್ರೀಯ ವಿಜ್ಞಾನ ಮೇಳವಾದ ರೀಜನೆರಾನ್ ಐಸೆಫ್‌ಗೆ ಒಯ್ಯಲು ಈಗ ಅನುಮತಿ ಪಡೆದರೆ ಸಾಕೇ ಎಂದು ಕೇಳಿದ್ದೀರಿ.

ಸಾಲದು. ಮನುಷ್ಯರನ್ನು ಒಳಗೊಂಡ ಇಂಥ ಅಧ್ಯಯನಕ್ಕೆ ಪರಿಶೀಲನಾ ಮಂಡಳಿಯ ಒಪ್ಪಿಗೆಯನ್ನು ಮೊದಲ ಪ್ರಶ್ನಾವಳಿ ಹಂಚುವುದಕ್ಕೂ ಮುನ್ನವೇ ಪಡೆದಿರಬೇಕೆಂಬುದು ಅಲ್ಲಿನ ಕಟ್ಟುನಿಟ್ಟಿನ ನಿಯಮ. ಮಂಡಳಿಯಲ್ಲಿ ಕನಿಷ್ಠ ಮೂವರು ಇರಬೇಕು: ಒಬ್ಬ ಶಿಕ್ಷಕರು, ಶಾಲೆಯ ಒಬ್ಬ ಆಡಳಿತಾಧಿಕಾರಿ ಹಾಗೂ ಅಧ್ಯಯನದ ಅಪಾಯವನ್ನು ಅಳೆಯಬಲ್ಲ ವೈದ್ಯಕೀಯ ಅಥವಾ ಮಾನಸಿಕ ಆರೋಗ್ಯ ತಜ್ಞರು. ಹೆತ್ತವರಾದ ನೀವಾಗಲಿ, ಆಕೆಯ ಮಾರ್ಗದರ್ಶಕರಾಗಲಿ ಅದರಲ್ಲಿ ಕೂರುವಂತಿಲ್ಲ.

ಹಳೆಯ ದಿನಾಂಕ ಹಾಕಿ ಸಹಿ ಮಾಡಿಸುವ ಸಲಹೆ ಯಾರಾದರೂ ಕೊಟ್ಟರೆ ದಯವಿಟ್ಟು ಒಪ್ಪಬೇಡಿ. ಮಗುವಿನ ಪ್ರಾಮಾಣಿಕ ದುಡಿಮೆಗೆ ಅದರಿಂದಾಗುವ ಹಾನಿ ದೊಡ್ಡದು. ಸಂಗ್ರಹಿಸಿದ ಉತ್ತರಗಳನ್ನು ಬದಿಗಿಟ್ಟು, ಅವುಗಳಿಂದ ಕಲಿತದ್ದನ್ನು ಬಳಸಿ ಪ್ರಶ್ನೆಗಳನ್ನು ತಿದ್ದಿ, ಸಂಶೋಧನಾ ಯೋಜನೆಯನ್ನು ಬರೆದು, ಒಪ್ಪಿಗೆ ದೊರೆತ ಬಳಿಕ ಹೊಸದಾಗಿ ಸಮೀಕ್ಷೆ ನಡೆಸುವುದೇ ಸರಿಯಾದ ದಾರಿ, ಮತ್ತು ಎರಡನೆಯ ಸಲದ ಪ್ರಶ್ನಾವಳಿ ಬಹುತೇಕ ಮೊದಲನೆಯದಕ್ಕಿಂತ ಉತ್ತಮವಾಗಿಯೇ ಇರುತ್ತದೆ.

ಐಸೆಫ್‌ಗೆ ನೇರವಾಗಿ ಅರ್ಜಿ ಹಾಕಲು ಬರುವುದಿಲ್ಲ. ಮಾನ್ಯತೆ ಪಡೆದ ಸ್ಥಳೀಯ ಅಥವಾ ರಾಷ್ಟ್ರೀಯ ಮೇಳದಿಂದ ಆಯ್ಕೆಯಾಗಬೇಕು. ಒಂದು ಯೋಜನೆಯಲ್ಲಿ ಗರಿಷ್ಠ 12 ತಿಂಗಳ ನಿರಂತರ ಸಂಶೋಧನೆಯನ್ನಷ್ಟೇ ಪರಿಗಣಿಸುವುದರಿಂದ, ಮೊದಲು ನಿಮ್ಮ ಮೇಳದ ಕೊನೆಯ ದಿನಾಂಕವನ್ನು ವಿಚಾರಿಸಿಕೊಳ್ಳಿ.