ಪೆಟ್ರೋಲ್ ಪೂರ್ತಿ ಉರಿದರೂ ಮೈಲೇಜ್ ಏಕೆ ಸಾಲದು?

ಪ್ರಶ್ನೆ: ಸರ್, ಕಾರಿಗೆ ಹಾಕಿದ ಪೆಟ್ರೋಲ್‌ನಲ್ಲಿ ಅರ್ಧಕ್ಕರ್ಧ ಉರಿಯದೆ ಸೈಲೆನ್ಸರ್ ಮೂಲಕ ಹೊರಗೆ ಹೋಗುತ್ತದಂತೆ. ಹೊಸ ಎಂಜಿನ್‌ಗಳು ಅದನ್ನು ಪೂರ್ತಿ ಉರಿಸುವುದರಿಂದಲೇ ಮೈಲೇಜ್ ಹೆಚ್ಚು ಎನ್ನುತ್ತಾರೆ ನಮ್ಮ ಮೆಕ್ಯಾನಿಕ್. ಪೆಟ್ರೋಲ್ ಪೈಪಿಗೆ ಆಯಸ್ಕಾಂತ ಕಟ್ಟಿಸಿದರೆ ನನ್ನ ಹಳೆಯ ಕಾರಿಗೂ ಆ ಲಾಭ ಸಿಗುತ್ತದೆಯೇ?

ಉತ್ತರ: ಸಿಗುವುದಿಲ್ಲ, ದುಡ್ಡು ಉಳಿಸಿಕೊಳ್ಳಿ. ಸುಸ್ಥಿತಿಯಲ್ಲಿರುವ ಎಂಜಿನ್ ಬಿಸಿಯಾದ ಮೇಲೆ, ಒಳಗೆ ಹೋದ ಪೆಟ್ರೋಲ್‌ನಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಪಾಲು ಉರಿದೇ ಉರಿಯುತ್ತದೆ. ಉಳಿದ ಚೂರುಪಾರನ್ನು ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸುಡುತ್ತದೆ. ಆಯಸ್ಕಾಂತವಾಗಲಿ, ಹೈಡ್ರೋಜನ್ ಕಿಟ್ ಆಗಲಿ, ‘ಪೂರ್ತಿ ಉರಿಸುತ್ತೇವೆ’ ಎಂದು ಬರುವ ಸಾಧನಗಳಿಗೆ ಅಲ್ಲಿ ಗಿಟ್ಟುವುದು ಏನೂ ಇಲ್ಲ.

ಪೋಲಾಗುವುದು ಪೆಟ್ರೋಲ್ ಅಲ್ಲ, ಅದು ಉರಿದು ಹುಟ್ಟಿದ ಶಾಖ. ಹೆಚ್ಚುಕಡಿಮೆ ಮೂರನೇ ಒಂದು ಪಾಲು ಹೊಗೆಯ ಜೊತೆ ಹೋಗುತ್ತದೆ, ಇನ್ನೊಂದು ದೊಡ್ಡ ಪಾಲು ರೇಡಿಯೇಟರ್ ಮತ್ತು ಆಯಿಲ್ ಮೂಲಕ. ಒಳ್ಳೆಯ ಪೆಟ್ರೋಲ್ ಎಂಜಿನ್ ತನ್ನ ಅತ್ಯುತ್ತಮ ಸ್ಥಿತಿಯಲ್ಲಿ ಶಾಖದ ಶೇಕಡಾ 35ರಿಂದ 40ರಷ್ಟನ್ನು ಕೆಲಸಕ್ಕೆ ಹಚ್ಚುತ್ತದೆ. ಟ್ರಾಫಿಕ್‌ನಲ್ಲಿ ತೆವಳುವಾಗ ಆ ಸ್ಥಿತಿ ಸಿಗುವುದೇ ಇಲ್ಲ. ಆಗ ಥ್ರಾಟಲ್, ಅಂದರೆ ಎಂಜಿನ್‌ಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಬಾಗಿಲು, ಬಹುಪಾಲು ಮುಚ್ಚಿರುತ್ತದೆ. ಮೂಗು ಹಿಡಿದುಕೊಂಡು ಉಸಿರೆಳೆಯುವವರಂತೆ ಪಿಸ್ಟನ್‌ಗಳು ಗಾಳಿಯನ್ನು ಎಳೆದುಕೊಳ್ಳುವುದಕ್ಕೇ ಒಂದಿಷ್ಟು ಶಕ್ತಿ ಖರ್ಚು ಮಾಡುತ್ತವೆ. ಹೊಸ ತಂತ್ರಜ್ಞಾನದ ಗುದ್ದಾಟವೆಲ್ಲ ಈ ಎರಡು ಕಡೆ: ಶಾಖದಿಂದ ಹೆಚ್ಚು ಕೆಲಸ ಹಿಂಡುವುದು, ಥ್ರಾಟಲ್‌ನ ಹೊರೆ ಇಳಿಸುವುದು.

ಗಾಳಿ-ಪೆಟ್ರೋಲ್ ಮಿಶ್ರಣವನ್ನು ಹೆಚ್ಚು ಒತ್ತಿ, ಉರಿದ ಅನಿಲ ಹೆಚ್ಚು ಹಿಗ್ಗಲು ಬಿಟ್ಟರೆ ಹೆಚ್ಚು ಕೆಲಸ ದಕ್ಕುತ್ತದೆ. ಆದರೆ ತೀರಾ ಒತ್ತಿದರೆ ಅದರ ಒಂದು ಭಾಗ ತಾನಾಗಿಯೇ ಹೊತ್ತಿಕೊಂಡು ಎಂಜಿನ್ ‘ನಾಕ್’ ಆಗುತ್ತದೆ. ಪೆಟ್ರೋಲನ್ನು ನೇರವಾಗಿ ಸಿಲಿಂಡರ್‌ಗೆ ಚಿಮ್ಮಿಸುವ ಡೈರೆಕ್ಟ್ ಇಂಜೆಕ್ಷನ್ ಇಲ್ಲಿ ನೆರವಾಗುತ್ತದೆ. ಒಳಗೇ ಆವಿಯಾಗುವ ಪೆಟ್ರೋಲ್ ಗಾಳಿಯನ್ನು ತಂಪಾಗಿಸುತ್ತದೆ. ತಣಿಸಿದ ಹೊಗೆಯನ್ನೇ ಒಂದಿಷ್ಟು ವಾಪಸ್ ಒಳಗೆ ಬಿಡುವುದೂ ಉಂಟು.

ನನ್ನ ಮಟ್ಟಿಗೆ ಜನರಿಗೆ ನಿಜವಾಗಿ ದಕ್ಕಿದ ಲಾಭ ಇವುಗಳಿಗಿಂತ ಹಳೆಯದೊಂದು ಉಪಾಯದ್ದು. ಜೇಮ್ಸ್ ಅಟ್ಕಿನ್ಸನ್ 1880ರ ದಶಕದಲ್ಲೇ ಕಡಿಮೆ ಒತ್ತಿ ಹೆಚ್ಚು ಹಿಗ್ಗಿಸುವ ಎಂಜಿನ್ ಮಾಡಿದ್ದರು. ಈಗ ಒಳಹರಿವಿನ ವಾಲ್ವನ್ನು ತಡವಾಗಿ ಮುಚ್ಚಿ ಅದೇ ಫಲ ಪಡೆಯುತ್ತಾರೆ. ಕೆಳ ವೇಗದಲ್ಲಿ ಎಳೆತ ಕಡಿಮೆ ಎಂಬುದು ಇದರ ದೋಷ. ಹೈಬ್ರಿಡ್ ಕಾರಿನಲ್ಲಿ ಆ ಕೊರತೆಯನ್ನು ಎಂಜಿನ್ ಜೊತೆಗಿರುವ ವಿದ್ಯುತ್ ಮೋಟಾರ್ ತುಂಬಿಕೊಡುತ್ತದೆ. 1997ರ ಟೊಯೋಟಾ ಪ್ರಿಯಸ್‌ನಿಂದ ಇವೆರಡರ ಜೋಡಿ ನಡೆದುಬಂದಿದೆ. ಅದೇ ಕಂಪನಿ ತನ್ನ 2.5 ಲೀಟರ್ ಹೈಬ್ರಿಡ್ ಎಂಜಿನ್‌ಗೆ ಹೇಳಿಕೊಂಡಿರುವ ಗರಿಷ್ಠ ದಕ್ಷತೆ ಶೇಕಡಾ 41.

ಇನ್ನೂ ಸಾಹಸದ ದಾರಿಗಳಿವೆ. ನಿಸ್ಸಾನ್‌ನ ಒಂದು ಎಂಜಿನ್ ಓಡುತ್ತಿರುವಾಗಲೇ ಒತ್ತುವ ಪ್ರಮಾಣವನ್ನು 8:1ರಿಂದ 14:1ರವರೆಗೆ ಬದಲಿಸಿಕೊಳ್ಳುತ್ತದೆ. ಮಾಜ್ದಾದ ಸ್ಕೈಆಕ್ಟಿವ್-ಎಕ್ಸ್ ಎಂಜಿನ್ ಗಾಳಿ ಹೆಚ್ಚಿರುವ ತೆಳುವಾದ ಮಿಶ್ರಣವನ್ನು ತಾನಾಗಿ ಹೊತ್ತಿಕೊಳ್ಳುವ ಅಂಚಿಗೆ ಒಯ್ದು, ಕಿಡಿಯಿಂದ ಕೊನೆಯ ತಳ್ಳು ಕೊಡುತ್ತದೆ. ಗಾಳಿ ಹೆಚ್ಚಿದ್ದಷ್ಟೂ ಥ್ರಾಟಲ್ ತೆರೆದಿಡಬಹುದು, ಶಾಖವೂ ಕಡಿಮೆ ಸೋರುತ್ತದೆ. ತೊಡಕು ಹೊಗೆಯದು. ಸಾಮಾನ್ಯ ಕನ್ವರ್ಟರ್ ನೈಟ್ರೋಜನ್ ಆಕ್ಸೈಡ್‌ಗಳನ್ನು ಸರಿಯಾಗಿ ಒಡೆಯುವುದು ತೂಕದಲ್ಲಿ ಒಂದು ಪಾಲು ಪೆಟ್ರೋಲ್‌ಗೆ ಸುಮಾರು 14.7 ಪಾಲು ಗಾಳಿ ಇದ್ದಾಗ ಮಾತ್ರ.

ಇವು ಯಾವುವನ್ನೂ ಹಳೆಯ ಕಾರಿಗೆ ಹೊರಗಿನಿಂದ ಜೋಡಿಸಲಾಗದು. ಟೈರ್ ಗಾಳಿ ನೋಡಿಸಿ, ಬ್ರೇಕ್ ಹಿಡಿದುಕೊಂಡಿದೆಯೇ ಪರೀಕ್ಷಿಸಿ. ಎಂಜಿನ್ ಬೇಗ ಬಿಸಿಯೇರದಿದ್ದರೆ, ರೇಡಿಯೇಟರ್‌ಗೆ ನೀರು ಬಿಡುವ ಥರ್ಮೋಸ್ಟಾಟ್ ತೆರೆದೇ ಉಳಿದಿರಬಹುದು. ಎಂಜಿನ್ ತಣ್ಣಗಿದೆ ಎಂದುಕೊಂಡು ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಸುಮ್ಮನೆ ಹೆಚ್ಚು ಪೆಟ್ರೋಲ್ ಸುರಿಯುತ್ತಿರುತ್ತದೆ. ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಕೆಟ್ಟಾಗಲೂ ಇದೇ ಕಥೆ.

ಪ್ರಶ್ನೆ: ಮೂರು ಸಿಲಿಂಡರ್‌ನ ಟರ್ಬೊ ಕಾರು ಕೊಂಡೆ. ಕಂಪನಿ ಹೇಳಿದ ಮೈಲೇಜ್‌ನ ಹತ್ತಿರಕ್ಕೂ ಬರುತ್ತಿಲ್ಲ. ಎಂಜಿನ್ ದೋಷವೇ?

ಉತ್ತರ: ಬಹುಶಃ ಅಲ್ಲ. ಚಿಕ್ಕ ಎಂಜಿನ್ ಅದೇ ಕೆಲಸಕ್ಕೆ ಥ್ರಾಟಲನ್ನು ಹೆಚ್ಚು ತೆರೆದುಕೊಳ್ಳುತ್ತದೆ, ಹಗುರಾಗಿ ಓಡಿಸಿದರೆ ಉಳಿತಾಯ ಖಂಡಿತ. ಆಕ್ಸಿಲರೇಟರ್ ಜೋರಾಗಿ ತುಳಿದಾಗ ಮಾತ್ರ ಲೆಕ್ಕ ತಲೆಕೆಳಗು. ಟರ್ಬೊ ಗಾಳಿ ತುಂಬುತ್ತದೆ, ನಾಕ್ ತಪ್ಪಿಸಲು ಇಸಿಯು ಕಿಡಿಯನ್ನು ತಡಮಾಡುತ್ತದೆ, ಕೆಲವು ಎಂಜಿನ್‌ಗಳು ಬಿಸಿ ತಗ್ಗಿಸಲು ಹೆಚ್ಚುವರಿ ಪೆಟ್ರೋಲನ್ನೂ ಚಿಮ್ಮಿಸುತ್ತವೆ. ಟರ್ಬೊ ಇಲ್ಲದ ದೊಡ್ಡ ಎಂಜಿನ್‌ಗಿಂತ ಇದು ನಿಮ್ಮ ಪಾದದ ಭಾರಕ್ಕೆ ಹೆಚ್ಚು ದಂಡ ವಿಧಿಸುತ್ತದೆ. ಒಂದೆರಡು ಟ್ಯಾಂಕ್ ಮೆಲ್ಲಗೆ ಓಡಿಸಿ ನೋಡಿ. ಆಗಲೂ ಏರದಿದ್ದರೆ ಸರ್ವಿಸ್‌ಗೆ ಕೊಡಿ.

ಪ್ರಶ್ನೆ: ಹೆಚ್ಚು ಆಕ್ಟೇನ್‌ನ ಪೆಟ್ರೋಲ್ ಹಾಕಿದರೆ ಮೈಲೇಜ್ ಏರುತ್ತದೆಯೇ?

ಉತ್ತರ: ಆಕ್ಟೇನ್ ಸಂಖ್ಯೆ ನಾಕ್ ತಡೆಯುವ ಗುಣದ ಅಳತೆ, ಪೆಟ್ರೋಲ್‌ನ ಶಕ್ತಿಯದಲ್ಲ. ಕಾರಿನ ಮ್ಯಾನ್ಯುಯಲ್ ಕೇಳಿದ್ದರೆ ಹಾಕಿ, ಇಲ್ಲವಾದರೆ ಮಾಮೂಲಿಯದೇ ಸಾಕು.