ಗ್ರೀನ್ ಕಾರ್ಡ್ ಇರುವವರನ್ನೂ ಜ್ಯೂರಿಗೆ ಸೇರಿಸಬೇಕಲ್ವಾ?

ಗ್ರೀನ್ ಕಾರ್ಡ್ (ಅಮೆರಿಕದಲ್ಲಿ ಕಾಯಂ ಇರಲು ಅನುಮತಿ) ಇದೆ, ಕ್ಯಾಲಿಫೋರ್ನಿಯಾದಲ್ಲಿ ತೆರಿಗೆ ಕಟ್ಟುತ್ತೇನೆ, ಜ್ಯೂರಿಗೆ (ಕೋರ್ಟಲ್ಲಿ ಕೇಸು ಕೇಳಿ ತೀರ್ಪು ಹೇಳುವ ಜನಸಾಮಾನ್ಯರ ತಂಡಕ್ಕೆ) ಬನ್ನಿ ಅಂತ ಸಮನ್ಸೂ ಬಂದಿದೆ, ಆದರೂ ಪೌರನಲ್ಲ ಅಂತ ಜ್ಯೂರಿಗೆ ಸೇರಿಸಲ್ಲ ಅಂದರೆ ಹೇಗೆ ಅಂತ ಕೇಳಿದ್ದೀರಿ. 2013ರಲ್ಲಿ ನಾನೂ ಹೀಗೇ ಕೂಗಾಡುತ್ತಿದ್ದೆ. ಆ ವರ್ಷ ಗ್ರೀನ್ ಕಾರ್ಡ್‌ನವರನ್ನೂ ಜ್ಯೂರಿಗೆ ಸೇರಿಸುವ ಮಸೂದೆ ಅಲ್ಲಿನ ಶಾಸನಸಭೆಯಲ್ಲಿ ಪಾಸಾಗಿತ್ತು. ಅದೇ ಹೊತ್ತಿಗೆ ನನಗೂ ಸಮನ್ಸ್ ಬಂತು. (ಡ್ರೈವಿಂಗ್ ಲೈಸೆನ್ಸ್ ಪಟ್ಟಿಯಿಂದಲೂ ಹೆಸರು ತೆಗೆಯುತ್ತಾರೆ, ಅದಕ್ಕೇ ನಮಗೂ ಬರುತ್ತೆ.)

ರಾತ್ರಿ ಊಟ ಮುಗಿಸಿ ಸಮನ್ಸ್ ಜೊತೆಗಿದ್ದ ಫಾರ್ಮ್ ತುಂಬಲು ಕೂತೆ. ಹದಿನೆಂಟು ತುಂಬಿದೆಯಾ? ಹೌದು. ಇದೇ ಕೌಂಟಿಯಲ್ಲಿ (ಜಿಲ್ಲೆಯಲ್ಲಿ) ಇದ್ದೀರಾ? ಹೌದು. ಇಂಗ್ಲಿಷ್ ಬರುತ್ತಾ? ಹೌದು. ಅದೇ ಓಟದಲ್ಲಿ ‘ಅಮೆರಿಕದ ಪೌರರಾ?’ ಅನ್ನೋದಕ್ಕೂ ಹೌದು! ಪೋಸ್ಟ್ ಮಾಡಿ ಬಂದ ಮೇಲೆ ಹೆಂಡತಿ ‘ಏನ್ರೀ, ಸಿಟಿಜನ್ ಅನ್ನೋದಕ್ಕೆ ಏನು ಟಿಕ್ ಹಾಕಿದ್ರಿ?’ ಅಂದಳು. ಎದೆ ಧಸಕ್ ಅಂತು. ಪೌರನಲ್ಲದವನು ಪೌರ ಅಂತ ಸುಳ್ಳು ಹೇಳಿದರೆ ದೇಶದಿಂದಲೇ ಹೊರಗೆ ಹಾಕಬಹುದು.

ಮರುದಿನವೇ ತಪ್ಪಾಯ್ತು ಅಂತ ಕೋರ್ಟಿಗೆ ಪತ್ರ ಬರೆದು, ಗ್ರೀನ್ ಕಾರ್ಡಿನ ನಕಲು ಸೇರಿಸಿ ಕಳಿಸಿದೆ. ಆದರೆ ಆ ಪತ್ರದ ಜೆರಾಕ್ಸ್ ಇಟ್ಟುಕೊಳ್ಳಲಿಲ್ಲ. ನನ್ನ ನಿಜವಾದ ತಪ್ಪು ಅದೇ, ಟಿಕ್ ಹಾಕಿದ್ದಲ್ಲ. ರಸೀದಿ ಸಿಗುವ ಪೋಸ್ಟಲ್ಲಿ ಕಳಿಸಲಿಲ್ಲ. ಮೊಬೈಲು ಜೇಬಲ್ಲೇ ಇತ್ತು, ಒಂದು ಫೋಟೋ ಹೊಡೆಯಲಿಲ್ಲ. ಸ್ಟಾಂಪ್ ಅಂಟಿಸಿ ಡಬ್ಬಿಗೆ ಹಾಕಿ ಬಂದುಬಿಟ್ಟೆ. ಮುಂದೆ ಪೌರತ್ವದ ಅರ್ಜಿಯಲ್ಲಿ ‘ಎಂದಾದರೂ ಪೌರ ಎಂದು ಹೇಳಿಕೊಂಡಿದ್ದೀರಾ?’ ಅನ್ನೋ ಪ್ರಶ್ನೆ ಎದುರಾಯಿತು. ಹೌದು ಅನ್ನಲೇಬೇಕು, ತಿದ್ದಿಕೊಂಡಿದ್ದಕ್ಕೆ ಕೈಯಲ್ಲಿ ಚೂರು ಕಾಗದ ಇಲ್ಲ. ವಕೀಲರ ಫೀಸು, ಹಳೇ ಫೈಲು ಹುಡುಕಿಸೋ ಅಲೆದಾಟ, ಒಂದೂವರೆ ವರ್ಷ ಹೋಯಿತು.

ಅಂದಹಾಗೆ 2013ರ ಆ ಮಸೂದೆಯನ್ನು ಗವರ್ನರ್ ಜೆರ್ರಿ ಬ್ರೌನ್ ವೀಟೋ ಮಾಡಿದರು, ಅಂದರೆ ಸಹಿ ಹಾಕದೆ ತಿರಸ್ಕರಿಸಿದರು. ವೋಟಿನ ಹಾಗೆ ಜ್ಯೂರಿಯೂ ಪೌರರ ಹಕ್ಕು, ಹೊಣೆ ಅಂದರು. ಆಗ ಬೈದಿದ್ದೆ, ಈಗ ಸರಿ ಅನ್ನಿಸುತ್ತೆ. ತೆರಿಗೆ ಮಾತು ಬಿಡಿ. ಮಗನ ಮನೆಗೆ ಆರು ತಿಂಗಳಿಗೆ ಬಂದ ಅಪ್ಪ ಅಮ್ಮನೂ ಅಂಗಡಿಯಲ್ಲಿ ಸೇಲ್ಸ್ ಟ್ಯಾಕ್ಸ್ ಕಟ್ಟುತ್ತಾರೆ.

ಪೌರನಾದ ಮೇಲೆ ಕರೆ ಬಂತು, ಹೋದೆ. ಪಕ್ಕದಲ್ಲಿ ಗಂಟೆ ಲೆಕ್ಕದಲ್ಲಿ ದುಡಿಯೋ ಹುಡುಗ. ಅವನು ಇಲ್ಲೇ ಹುಟ್ಟಿದವನು. ಬಾಡಿಗೆ ಕಟ್ಟೋಕಾಗಲ್ಲ ಅಂತ ಜಡ್ಜ್ ಹತ್ತಿರ ಕೇಳಿಕೊಂಡು ಎದ್ದು ಹೋದ. ಜ್ಯೂರಿಯಲ್ಲಿ ಕೂತವರಿಗೆ ದಿನಕ್ಕೆ ಕೊಡೋದು 15 ಡಾಲರ್, ಅದೂ ಮೊದಲ ದಿನ ಬಿಟ್ಟು. ನನಗೆ ಕಂಪನಿ ಸಂಬಳ ಬರುತ್ತಿತ್ತು, ಆರಾಮಾಗಿ ಕೂತೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2022ರಲ್ಲಿ ಕಡಿಮೆ ಆದಾಯದವರಿಗೆ ದಿನಕ್ಕೆ 100 ಡಾಲರ್ ಕೊಟ್ಟು ನೋಡಲು ಶುರು ಮಾಡಿದರು. ಬದಲಾಗಬೇಕಾದ್ದು ಅದು. ಗ್ರೀನ್ ಕಾರ್ಡ್‌ನವರನ್ನು ಸೇರಿಸೋದು ಆಮೇಲಿನ ಮಾತು.

ಸಮನ್ಸ್ ಎಸೆಯಬೇಡಿ. ಪೌರತ್ವದ ಪ್ರಶ್ನೆಗೆ ‘ಅಲ್ಲ’ ಅಂತ ಟಿಕ್ ಹಾಕಿ, ಸಹಿ ಮಾಡಿ, ಎರಡೂ ಬದಿ ಫೋಟೋ ತೆಗೆದು ಆಮೇಲೆ ಪೋಸ್ಟ್ ಮಾಡಿ.