ಲೋಕ ಹುಟ್ಟುವ ಮುಂಚಿನ ಯೋಜನೆಯನ್ನು ಇವತ್ತು ನಂಬೋದು ಹೇಗೆ?

ನೀವು ಕೇಳಿದ್ದು ಇದು: "ನಮ್ಮನ್ನು ಪಾಪದಿಂದ ಬಿಡಿಸುವ ರಕ್ಷಣೆಯ ಯೋಜನೆಯನ್ನು ದೇವರು ಲೋಕ ಹುಟ್ಟುವ ಮುಂಚೆಯೇ ಮಾಡಿದ್ದ ಅಂತ ಚರ್ಚಿನ ಸಭೆಯಲ್ಲಿ ಹೇಳುತ್ತಾರೆ. ನನ್ನ ಬದುಕಿನಲ್ಲಿ ಅದರ ಸುಳಿವೇ ಕಾಣುತ್ತಿಲ್ಲ. ಹೇಗೆ ನಂಬಲಿ?"

ಇದೇ ಪ್ರಶ್ನೆ ನನ್ನನ್ನೂ ಸುಮಾರು ಒಂದು ವರ್ಷ ಕಾಡಿತ್ತು. ಅಪ್ಪ ಹಾಸಿಗೆ ಹಿಡಿದಿದ್ದರು. ರಾತ್ರಿ ಅವರ ಪಕ್ಕ ಕೂತು "ಕರ್ತನೇ" ಅಂತ ಶುರು ಮಾಡಿದರೆ ಮುಂದಿನ ಮಾತೇ ಬರುತ್ತಿರಲಿಲ್ಲ. ನನ್ನ ನಂಬಿಕೆಯೇ ಬತ್ತಿಹೋಯಿತು, ಇನ್ನು ರಕ್ಷಣೆ ಎಲ್ಲಿಂದ ಅಂತ ಹೆದರಿದ್ದೆ. ಆಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ 15ನೇ ಅಧ್ಯಾಯ.

ಈ ದೇಶವನ್ನು ನಿನಗೆ ಕೊಡುತ್ತೇನೆ ಅಂತ ದೇವರು ಅಬ್ರಾಮನಿಗೆ ಹೇಳುತ್ತಾನೆ. ಅಬ್ರಾಮ ಕೇಳುತ್ತಾನೆ, ಅದು ನನಗೆ ಸಿಗುತ್ತೆ ಅಂತ ನಾನು ಹೇಗೆ ತಿಳಿಯಲಿ? ನಿಮ್ಮ ಪ್ರಶ್ನೆಯೇ ಅಲ್ವಾ ಇದು? ದೇವರು ಗದರಲಿಲ್ಲ. ಒಂದು ಕಡಸು, ಒಂದು ಆಡು, ಒಂದು ಟಗರು, ಜೊತೆಗೆ ಎರಡು ಹಕ್ಕಿ ತರಲು ಹೇಳಿದ. ಅಬ್ರಾಮ ಪ್ರಾಣಿಗಳನ್ನು ಸೀಳಿ, ಹೋಳುಗಳನ್ನು ಎದುರುಬದುರಾಗಿ ಇಟ್ಟ. ಆ ಕಾಲದಲ್ಲಿ ಒಡಂಬಡಿಕೆ ಮಾಡಿಕೊಳ್ಳುವವರು ಹೀಗೆ ಹೋಳುಗಳ ನಡುವೆ ನಡೆಯುತ್ತಿದ್ದರು. ಮಾತಿಗೆ ತಪ್ಪಿದರೆ ನನಗೂ ಇದೇ ಗತಿ ಆಗಲಿ ಅನ್ನೋದು ಅದರ ಅರ್ಥ. ಯೆರೆಮೀಯನ ಪುಸ್ತಕದ 34ನೇ ಅಧ್ಯಾಯದಲ್ಲೂ ಈ ಪದ್ಧತಿಯ ಮಾತು ಬರುತ್ತದೆ.

ಮುಂದೆ ಆಗೋದನ್ನು ನಿಧಾನವಾಗಿ ನೋಡಿ. ಹದ್ದುಗಳು ಮಾಂಸದ ಮೇಲೆ ಎರಗುತ್ತವೆ, ಅಬ್ರಾಮ ಓಡಿಸುತ್ತಾನೆ. ಹೊತ್ತು ಮುಳುಗುವಾಗ ಅವನಿಗೆ ಗಾಢ ನಿದ್ದೆ ಹತ್ತುತ್ತದೆ. ಕತ್ತಲಾದ ಮೇಲೆ ಹೊಗೆಯಾಡುವ ಒಲೆ, ಉರಿಯುವ ಪಂಜು ಆ ಹೋಳುಗಳ ನಡುವೆ ಹಾದುಹೋಗುತ್ತವೆ. ಅಬ್ರಾಮ ನಡೆಯಲೇ ಇಲ್ಲ. ಆ ಬೆಂಕಿಯ ರೂಪದಲ್ಲಿ ದೇವರೊಬ್ಬನೇ ನಡೆದ. ತಪ್ಪಿದರೆ ಬರುವ ಪೆಟ್ಟನ್ನೂ ತನ್ನ ಮೇಲೇ ತೆಗೆದುಕೊಂಡ. ಶಿಲುಬೆಯನ್ನು ನೋಡುವಾಗಲೆಲ್ಲ ನನಗೆ ಈ ರಾತ್ರಿ ನೆನಪಾಗುತ್ತದೆ. ಮಾತಿಗೆ ತಪ್ಪಿದ್ದು ನಾವು, ಸೀಳಿಸಿಕೊಂಡದ್ದು ಆತನ ದೇಹ.

ಇದನ್ನು ಓದಿದ ದಿನ ನನ್ನ ಎದೆಯ ಭಾರ ಇಳಿಯಿತು. ನನ್ನ ಪ್ರಾರ್ಥನೆ ಗಟ್ಟಿಯಾಗಿದೆಯಾ ಅನ್ನೋದರ ಮೇಲೆ ಈ ಯೋಜನೆ ನಿಂತಿಲ್ಲ. ನಾನು ಹುಟ್ಟುವ ಮುಂಚೆ, ಒಳ್ಳೆಯದೋ ಕೆಟ್ಟದ್ದೋ ಒಂದನ್ನೂ ಮಾಡುವ ಮುಂಚೆ ಅದು ನಿರ್ಧಾರವಾಗಿತ್ತು. ಜಗದುತ್ಪತ್ತಿಗೆ ಮುಂಚೆಯೇ ಕ್ರಿಸ್ತನಲ್ಲಿ ನಮ್ಮನ್ನು ಆರಿಸಿಕೊಂಡ ಅಂತ ಎಫೆಸದವರಿಗೆ ಬರೆದ ಪತ್ರದ ಮೊದಲ ಅಧ್ಯಾಯದಲ್ಲಿದೆ. ಮುಂಚೆ ಈ ಮಾತು ನನಗೆ ತುಂಬಾ ದೂರದ್ದು ಅನ್ನಿಸುತ್ತಿತ್ತು. ಈಗ ಒರಗೋಕೆ ಸಿಕ್ಕ ಗೋಡೆಯ ಹಾಗಿದೆ.

ಸುಳಿವು ಕಾಣದಿರೋದರಲ್ಲಿ ನೀವು ಒಬ್ಬರೇ ಅಲ್ಲ. ಅಬ್ರಹಾಮ (ಅಬ್ರಾಮನಿಗೆ ದೇವರು ಆಮೇಲೆ ಕೊಟ್ಟ ಹೆಸರು) ದೇವರ ಕರೆಗೆ ಹಾರಾನ್ ಊರು ಬಿಟ್ಟಾಗ 75 ವರ್ಷ, ದೇವರು ಮಾತು ಕೊಟ್ಟಿದ್ದ ಮಗ ಇಸಾಕ ಹುಟ್ಟಿದಾಗ 100. ನಡುವಿನ 25 ವರ್ಷ ಅವನೇನೂ ಶಾಂತವಾಗಿ ಕಾದು ಕೂರಲಿಲ್ಲ. ಅವಸರಪಟ್ಟ, ಹೆಂಡತಿಯ ದಾಸಿ ಹಾಗರಳಿಂದ ಮಗುವನ್ನು ಪಡೆಯಲು ಹೋಗಿ ಎಡವಿದ, ಹೆದರಿ ಸುಳ್ಳು ಹೇಳಿದ. ಆದರೂ ಮಾತು ಕೊಟ್ಟವನು ಬಿಡಲಿಲ್ಲ.

ಎಲ್ಲ ಮೊದಲೇ ನಿರ್ಧಾರವಾಗಿದ್ದರೆ ಕೆಟ್ಟದ್ದು ಮಾಡಿದವರ ತಪ್ಪೇನು ಅಂತಲೂ ಅನ್ನಿಸಬಹುದು. ಶಿಲುಬೆಯ ಘಟನೆಯಾಗಿ ಸುಮಾರು ಐವತ್ತು ದಿನಕ್ಕೆ ಬಂದ ಪಂಚಾಶತ್ತಮ ಹಬ್ಬದ ದಿನ ಯೇಸುವಿನ ಶಿಷ್ಯ ಪೇತ್ರ ಯೆರೂಸಲೇಮಿನಲ್ಲಿ ಸೇರಿದ್ದ ಜನರಿಗೆ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ: ಯೇಸುವನ್ನು ಒಪ್ಪಿಸಿದ್ದು ದೇವರ ಸಂಕಲ್ಪದಂತೆ, ಆದರೆ ಕೊಲ್ಲಿಸಿದ್ದು ನೀವು. ಇವೆರಡೂ ಹೇಗೆ ಕೂಡುತ್ತವೆ ಅಂತ ಪೂರ್ತಿ ಬಿಡಿಸಿ ಹೇಳೋಕೆ ನನಗೆ ಬರಲ್ಲ. ಯೋಜನೆ ಇದೆ ಅಂದ ಮಾತ್ರಕ್ಕೆ ನಿಮಗಾದ ಅನ್ಯಾಯ ನ್ಯಾಯ ಆಗಲ್ಲ ಅನ್ನೋದು ಮಾತ್ರ ಅದರಿಂದ ಸ್ಪಷ್ಟ.

ಇದೆಲ್ಲ ಆಮೇಲೆ ಕಟ್ಟಿದ ಕಥೆ ಅನ್ನುವವರಿಗೆ ನಾನು ಪ್ರವಾದಿ ಯೆಶಾಯನ ಪುಸ್ತಕದ ಹಳೆಯ ಕೈಬರಹದ ಸುರುಳಿಯ ಬಗ್ಗೆ ಹೇಳುತ್ತೇನೆ. 1947ರ ಸುಮಾರಿಗೆ ಮೃತ ಸಮುದ್ರದ ಬಳಿ, ಕುಮ್ರಾನ್ ಗುಹೆಯಲ್ಲಿ ಸಿಕ್ಕಿತು. ಏಳು ಮೀಟರಿಗಿಂತ ಉದ್ದದ ಚರ್ಮದ ಸುರುಳಿ. ಯೇಸು ಹುಟ್ಟುವ ಸುಮಾರು ನೂರು ವರ್ಷ ಮುಂಚಿನದು ಅಂತ ವಿದ್ವಾಂಸರ ಅಂದಾಜು. ನಮ್ಮ ದ್ರೋಹಗಳಿಗಾಗಿ ಗಾಯಪಟ್ಟ ಸೇವಕನ 53ನೇ ಅಧ್ಯಾಯ ಅದರಲ್ಲಿದೆ. ಆ ಸೇವಕ ಇಸ್ರಾಯೇಲ್ ಜನಾಂಗವೇ ಅಂತ ಅನೇಕ ಯೆಹೂದ್ಯರು ಓದುತ್ತಾರೆ, ನಾನು ಅಲ್ಲಿ ಯೇಸುವನ್ನು ಕಾಣುತ್ತೇನೆ. ಆದರೆ ಆ ಮಾತು ಶಿಲುಬೆಗಿಂತ ಮುಂಚೆಯೇ ಬರೆದಿತ್ತು, ಅದರಲ್ಲಿ ಅನುಮಾನವಿಲ್ಲ.

ಅಪ್ಪ ಉಳಿಯಲಿಲ್ಲ. ಯಾಕೆ ಅಂತ ನನಗೆ ಇನ್ನೂ ಗೊತ್ತಿಲ್ಲ. ಲೂಕನ ಸುವಾರ್ತೆಯ 24ನೇ ಅಧ್ಯಾಯದಲ್ಲಿ, ಯೇಸು ಶಿಲುಬೆಯಲ್ಲಿ ಸತ್ತ ಮೇಲೆ ಎಮ್ಮಾಹು ಊರಿಗೆ ಹೊರಟಿದ್ದ ಇಬ್ಬರು ಶಿಷ್ಯರೂ ಆತನ ಮೇಲೆ ಇಟ್ಟಿದ್ದ ನಿರೀಕ್ಷೆ ಮುಗಿದೇಹೋಯಿತು ಅನ್ನೋ ಹಾಗೆ ಮಾತಾಡುತ್ತಿದ್ದರು. ಅದನ್ನು ಹೇಳಿಕೊಂಡದ್ದು ಮತ್ತೆ ಜೀವಂತವಾಗಿ ಎದ್ದು, ಪಕ್ಕದಲ್ಲೇ ನಡೆಯುತ್ತಿದ್ದ ಯೇಸುವಿಗೇ. ಅವರಿಗೆ ಗುರುತು ಸಿಕ್ಕಿರಲಿಲ್ಲ, ಅಷ್ಟೇ.

ಇವತ್ತು ರಾತ್ರಿ ಆದಿಕಾಂಡ 15 ಓದಿ, ಆಮೇಲೆ ಲೂಕ 24. ಪ್ರಾರ್ಥನೆ ಬರದಿದ್ದರೆ ಸುಮ್ನೆ ಕೂತಿರಿ. ಅಬ್ರಾಮ ನಿದ್ದೆ ಮಾಡುತ್ತಿದ್ದಾಗಲೇ ಅಲ್ವಾ ಆ ಪಂಜು ಹಾದುಹೋದದ್ದು?